ಸೈಡ್‌ಕಾರಿನ ಭಾರ

ದೆವ್ವ, ಪಿಶಾಚಿ ಅಂತ ಯಾರಾದರೂ ಮಾತೆತ್ತಿದರೆ ‘ನಾನ್‌ಸೆನ್ಸ್’ ಎಂದು ಮುಖ ತಿರುಗಿಸುತ್ತಿದ್ದ ಹುಡುಗಿ ನಾನು. ಬೆಳಗಾವಿಯ ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ಕಲಿಸಿದ ದೊಡ್ಡ ಇಂಗ್ಲಿಷ್ ಶಬ್ದಗಳಲ್ಲಿ ‘ಸೂಪರ್‌ಸ್ಟಿಷನ್’ ನನಗೆ ಬಹಳ ಸೇರಿತ್ತು. ಸೂಟಿಯಲ್ಲಿ ಊರಿಗೆ ಹೋದಾಗ ಸಿಕ್ಕವರ ಮೇಲೆಲ್ಲ ಅದನ್ನು ಪ್ರಯೋಗಿಸುತ್ತಿದ್ದೆ. ಈಗಲೂ ಬಹಳ ನಂಬುವವಳೇನಲ್ಲ. ಆದರೆ ಹನ್ನೆರಡನೆಯ ವಯಸ್ಸಿನಲ್ಲಿ, ಹಾಡಹಗಲೇ, ಖಾನಾಪುರದ ರಸ್ತೆಯ ಮೇಲೆ ಆದ ಒಂದು ಸಂಗತಿಯನ್ನು ಯಾವ ಶಬ್ದದಿಂದ ಕರೆಯಬೇಕೋ ಈ ಮುದಿವಯಸ್ಸಿನಲ್ಲೂ ತಿಳಿದಿಲ್ಲ.

ಮೊದಲ ಮಹಾಯುದ್ಧ ಮುಗಿದು ಐದಾರು ವರ್ಷಗಳಾಗಿದ್ದವು. ಅಪ್ಪ ಖಾನಾಪುರದ ಕಟ್ಟಿಗೆ ಡಿಪೋದಲ್ಲಿ ಹೆಡ್ ಕ್ಲಾರ್ಕ್. ಅವ್ವ ಜಡ್ಡಾಗಿ ಬೆಳಗಾವಿಯ ಆಸ್ಪತ್ರೆಗೆ ಹೊರಟಾಗ, “ನಾಕ ದಿನಕ್ಕ ಬರತೇನಿ, ತುಳಸಿಗೆ ನೀರ ಹಾಕ್ರಿ” ಅಂದಿದ್ದಳು. ಬರಲಿಲ್ಲ. ಕ್ರಿಯಾಕರ್ಮವೂ ಬೆಳಗಾವಿಯಲ್ಲೇ ಆಯಿತು. ಆಮೇಲೆ ಅಪ್ಪ ನನ್ನನ್ನು ಬೋರ್ಡಿಂಗಿಗೆ ಹಾಕಿದರು.

ಬೋರ್ಡಿಂಗಿನಲ್ಲಿ ಒಂದು ರೂಲ್ ಇತ್ತು. ಸೋಮವಾರ ಬೆಳಗಿನ ಪ್ರೇಯರ್ ಗಂಟೆಯೊಳಗೆ ವಾಪಸು ತಂದು ಬಿಡುವವರಿದ್ದರೆ ಮಾತ್ರ ಶನಿವಾರ ಮನೆಗೆ ಕಳಿಸುತ್ತಿದ್ದರು. ಖಾನಾಪುರದಿಂದ ಬರುವ ಯಾವ ರೈಲೂ ಆ ಹೊತ್ತಿಗೆ ಮುಟ್ಟುತ್ತಿರಲಿಲ್ಲ. ಹೀಗಾಗಿ ಶನಿವಾರ ಸಂಜೆ, ಇಪ್ಪತ್ತು ಮಂಚಗಳ ಡಾರ್ಮಿಟರಿಯಲ್ಲಿ ನಾನೊಬ್ಬಳೇ ಉಳಿಯುತ್ತಿದ್ದೆ. ಸ್ಪ್ರಿಂಗಿನ ಮಂಚ ಅವು. ನಾನು ಹೊರಳಿದರೆ ಕಿರ್ ಎನ್ನುವ ಸದ್ದು ಆ ಖಾಲಿ ಹಾಲಿನ ಆ ತುದಿಗೆ ಹೋಗಿ ಬರುತ್ತಿತ್ತು.

ಇದನ್ನು ಒಮ್ಮೆ ಅಪ್ಪನ ಮುಂದೆ ಅಂದೆ. ಸೋಮವಾರ ಹೊತ್ತಿಗೆ ಸರಿಯಾಗಿ ನನ್ನನ್ನು ತಂದು ಬಿಡಲೆಂದು ಅವರು ಮುಂದಿನ ತಿಂಗಳು, ಬೆಳಗಾವಿಯಲ್ಲಿ ದಂಡು ಇರುವ ಕ್ಯಾಂಪಿನಲ್ಲಿ, ಇಂಗ್ಲೆಂಡಿಗೆ ಮರಳುತ್ತಿದ್ದ ಒಬ್ಬ ಆಫೀಸರನಿಂದ ಒಂದು ಹಳೆಯ ಮೋಟಾರ್‌ಸೈಕಲ್ ಕೊಂಡರು. ದೂರದ ಪ್ರಯಾಣಕ್ಕೆಂದೇ ಮಾಡಿದ ಭಾರೀ ಗಾಡಿ, ಎಡಗಡೆಗೆ ತೊಟ್ಟಿಲಿನಂಥ ಸೈಡ್‌ಕಾರ್. ಯುದ್ಧದಲ್ಲಿ ಓಡಿ ಸುಸ್ತಾಗಿ ನಿಂತಿತ್ತು. ಅದನ್ನು ಊರಂಚಿನ ನೇಕಾರರ ಪೇಟೆ ವಡಗಾವಿಯಲ್ಲಿ, ಮಗ್ಗಗಳ ಕಬ್ಬಿಣದ ಸಾಮಾನು ರಿಪೇರಿ ಮಾಡುವ ದುಂಡಪ್ಪನ ಕುಲುಮೆಗೆ ನೂಕಿಕೊಂಡು ಹೋದೆವು.

“ಸಾಹೇಬ್ರ, ಗಾಡಿ ತಂದೀರೋ, ಗಾಡಿ ಎಲುಬು ತಂದೀರೋ?” ಅಂದ ದುಂಡಪ್ಪ.

“ಮಾಂಸ ನೀ ಹಚ್ಚಪಾ” ಅಂದರು ಅಪ್ಪ. ಅವ್ವ ಹೋದ ಮೇಲೆ ಅವರ ಬಾಯಲ್ಲಿ ತಮಾಷೆ ಕೇಳಿದ್ದು ಅದೇ ಮೊದಲು.

ಮುಂದೆ ಹತ್ತು ತಿಂಗಳು ಭಾನುವಾರದ ವಿಸಿಟಿಂಗ್ ಅವರ್ಸ್ ಎಲ್ಲ ಅಲ್ಲೇ ಕಳೆದವು. ಸೀಮೆಎಣ್ಣೆ ಹಚ್ಚಿ ತುಕ್ಕು ತಿಕ್ಕಿದೆವು. ಸೈಡ್‌ಕಾರನ್ನು ಗಾಡಿಗೆ ಹಿಡಿದಿಡುವ ಕ್ಲಾಂಪು ಮುರಿದುಹೋಗಿತ್ತು, ಅದನ್ನು ದುಂಡಪ್ಪ ಮೂರು ಸಲ ಕಾಯಿಸಿ ಬಡಿದು ಹೊಸದಾಗಿ ಮಾಡಿದ. ಸೈಡ್‌ಕಾರಿನ ಸೀಟಿನ ಕುಶನ್ನಿಗೆ ತೆಂಗಿನ ನಾರು ತುಂಬಿದವಳು ನಾನು. ಆ ಸೀಟು ನನ್ನದೇ ಅಲ್ಲವೇ, ಗಟ್ಟಿಯಾಗಿ, ಉಬ್ಬುವ ಹಾಗೆ ತುಂಬಿದೆ. “ಬೇಬಿ, ಪಾನಾ ಕೊಡು” ಎಂದು ಅಪ್ಪ ನಟ್ಟು ಬಿಗಿಯುತ್ತ ಕೈ ಚಾಚಿದರೆ ನನಗೆ ಎಲ್ಲ ಸಿಕ್ಕ ಹಾಗೆ.

ಒಂದು ವಿಷಯ ಇಲ್ಲಿ ಹೇಳಲೇಬೇಕು. ಸೈಡ್‌ಕಾರ್ ಖಾಲಿ ಇದ್ದು ಗಾಡಿ ಎಡಕ್ಕೆ ಹೊರಳಿದರೆ ಅದರ ಗಾಲಿ ನೆಲ ಬಿಟ್ಟು ಏಳುತ್ತದೆ. ಅಪ್ಪ ಮೊದಲ ಸಲ ಓಣಿಯಲ್ಲಿ ಓಡಿಸಿದಾಗ ಮೊಣಕಾಲೆತ್ತರ ಎದ್ದಿತು. ಕಟ್ಟೆಯ ಮೇಲೆ ನೂಲು ಸುತ್ತುತ್ತಿದ್ದ ಹೆಂಗಸೊಬ್ಬಳು, “ಯವ್ವಾ, ನಾಯಿ ಕಾಲೆತ್ತಿಧಾಂಗ ಎತ್ತತೈತಿ ನೋಡ” ಎಂದು ಓಣಿಯನ್ನೆಲ್ಲ ನಗಿಸಿದಳು. ದುಂಡಪ್ಪ ಮಾತ್ರ ನಗಲಿಲ್ಲ. “ಖಾಲಿ ಓಡಿಸಬ್ಯಾಡ್ರಿ. ಉಸುಕಿನ ಚೀಲ ಇಡ್ರಿ. ಕ್ಲಾಂಪ್ ಹೊಸಾದು, ನಾಕ ಸಲ ಖಾನಾಪುರಕ್ಕ ಹೋಗಿ ಬರೂತನಕಾ ಕೂಸಿನ್ನ ಅದರಾಗ ಕುಂದರಸಬ್ಯಾಡ್ರಿ” ಅಂದ.

ದಸರಾ ಸೂಟಿ ಸುರುವಾದ ದಿನ ಅಪ್ಪ ನನ್ನನ್ನು ಕರೆದೊಯ್ಯಲು ಬಂದರು. ಬೋರ್ಡಿಂಗಿನಿಂದ ನೇರವಾಗಿ ಗಾಡಿ ಇದ್ದ ಕುಲುಮೆಗೆ ಹೋದೆವು. ನಾನು ಹಿಂದಿನ ಸೀಟಿನಲ್ಲಿ, ನನ್ನ ಜಾಗದಲ್ಲಿ ನಾಲ್ಕು ಸಣ್ಣ ಉಸುಕಿನ ಚೀಲಗಳು, ಇದು ಏರ್ಪಾಡು. ಚೀಲ ಇಡುವ ಕೆಲಸವನ್ನು ನನಗೇ ಹೇಳಿದರು. ನಾನು ಒಂದೊಂದಾಗಿ ಹೊತ್ತು ಕುಲುಮೆಯ ಹಿಂದಿನ ಗೋಡೆಯ ಮರೆಯಲ್ಲಿಟ್ಟು, ಸೈಡ್‌ಕಾರಿನ ಕ್ಯಾನ್ವಾಸ್ ಹೊದಿಕೆಯ ಗುಂಡಿ ಹಾಕಿದೆ. ಹೊರಡುವಾಗ ತೆರೆದು ನೋಡುತ್ತಾರೆ, ತಡವಾಯಿತೆಂದು ನನ್ನನ್ನೇ ಕೂಡಿಸುತ್ತಾರೆ ಎಂಬುದು ನನ್ನ ಪ್ಲ್ಯಾನು.

ಅಪ್ಪ ತೆರೆಯಲಿಲ್ಲ. ಮೋಡ ನೋಡುತ್ತ, “ನಾಕೂ ಇಟ್ಟಿ ಏನ?” ಅಂದರು. ಬೈದಾರು ಎಂದು ಹೆದರಿ ತಲೆಯಾಡಿಸಿಬಿಟ್ಟೆ.

ಪೀರನವಾಡಿ ದಾಟಿದ ಮೇಲೆ ಮೊದಲ ಎಡ ತಿರುವು ಬಂತು. ಅಪ್ಪನ ಕೋಟು ಹಿಡಿದು ಕಣ್ಣು ಮುಚ್ಚಿದೆ. ಗಾಲಿ ಏಳಲಿಲ್ಲ. ಎರಡನೆಯದಕ್ಕೂ ಏಳಲಿಲ್ಲ. ಮೂರನೆಯದಕ್ಕೆ ಕಣ್ಣು ತೆರೆದೇ ಇದ್ದೆ. ತುಂಬಿದ ತೊಟ್ಟಿಲಿನಂತೆ ಸೈಡ್‌ಕಾರ್ ಮೆಲ್ಲಗೆ ಜೀಕುತ್ತಿತ್ತು.

ದೇಸೂರಿನ ಆಚೆ ಎಂಜಿನ್ ತಣಿಯಲೆಂದು ನಿಲ್ಲಿಸಿದೆವು. ಮಳೆಯಾಗಿ ರಸ್ತೆಯ ಕೆಂಪು ಮಣ್ಣು ಮೆತ್ತಗಾಗಿತ್ತು. ಹಿಂದೆ ಹೋಗಿ ನೋಡಿದೆ. ಸೈಡ್‌ಕಾರಿನ ಗಾಲಿಯ ಗೆರೆಯಲ್ಲಿ ನನ್ನ ಬೆರಳು ಎರಡು ಗೆಣ್ಣಿನವರೆಗೆ ಇಳಿಯಿತು. “ಛಲೋ ಹೊಂಟೈತಿ” ಅಂದರು ಅಪ್ಪ, “ತೂಕ ಬರೋಬ್ಬರಿ ಕೂತೈತಿ.” ಆಗಲಾದರೂ ಹೇಳಬಹುದಿತ್ತು. ಹೊದಿಕೆಯ ಗುಂಡಿಗೆ ಕೈ ಹಾಕಿದೆ. ತೆರೆಯಲು ಧೈರ್ಯವಾಗಲಿಲ್ಲ.

ಚಹಾದ ಹೊತ್ತಿಗೆ ಖಾನಾಪುರದ ಮನೆಯ ಮುಂದೆ ಇಳಿದೆವು. ಅಪ್ಪ ಗುಂಡಿ ಬಿಚ್ಚಿ ಹೊದಿಕೆ ಸರಿಸಿದರು. ಸೈಡ್‌ಕಾರಿನ ಸ್ಪ್ರಿಂಗು ಕಿರ್ ಎಂದು ಎರಡು ಬೆರಳು ಮೇಲೆದ್ದಿತು, ಕೂತವರು ಇಳಿದರೆ ಏಳುತ್ತದಲ್ಲ, ಹಾಗೆ. ಒಳಗೆ ಏನೂ ಇರಲಿಲ್ಲ. ನಾನು ಉಬ್ಬಿಸಿ ತುಂಬಿದ ಕುಶನ್ ನಡುವೆ ತಗ್ಗಾಗಿತ್ತು.

“ಚೀಲ ಎಲ್ಲಿ?”

ಅಳುತ್ತ ಎಲ್ಲ ಹೇಳಿದೆ. ಅಪ್ಪ ಬೈಯಲಿಲ್ಲ. ಆ ತಗ್ಗಿನ ಮೇಲೆ ಅಂಗೈ ಇಟ್ಟು ನೋಡಿದರು. ಆಮೇಲೆ ಹಿತ್ತಲಿಗೆ ಹೋಗಿ ತುಳಸಿಗೆ ನೀರು ಹಾಕಿ ಬಂದರು.

ಸೂಟಿ ಮುಗಿದಾಗ ನನ್ನನ್ನು ರೈಲಿನಲ್ಲೇ ಕರೆದುಕೊಂಡು ಹೋದರು. ಗಾಡಿ ಮನೆಯಲ್ಲೇ ಉಳಿಯಿತು. ಶನಿವಾರ ಬರುತ್ತೀರಲ್ಲ ಎಂದು ಸ್ಟೇಶನ್ನಿನಲ್ಲಿ ಕೇಳಿದೆ. ಅಪ್ಪ ನನ್ನ ಮುಖ ನೋಡದೆ, “ಆಕಿ ಕೂತ ಜಾಗದಾಗ ನಿನ್ನ ಹ್ಯಾಂಗ ಕುಂದರಸಲಿ, ಬೇಬಿ?” ಅಂದರು. ಬೇಸಿಗೆಯೊಳಗೆ ಗಾಡಿಯನ್ನು ಯಾರಿಗೋ ಮಾರಿಬಿಟ್ಟರು.

ದೊಡ್ಡವಳಾದ ಮೇಲೆ ಒಬ್ಬ ಎಂಜಿನಿಯರರನ್ನು ಕೇಳಿದ್ದೆ. ಗಾಡಿಯ ವೇಗ ಕಡಿಮೆ ಇದ್ದೀತು, ಹಳೆಯ ಸ್ಪ್ರಿಂಗು ಬಿಗಿದುಕೊಂಡಿದ್ದೀತು, ಮಳೆಯ ಥಂಡಿಗೆ ನಾರು ಕುಸಿದಿದ್ದೀತು ಅಂದರು. ಒಂದೊಂದಕ್ಕೂ ಒಂದೊಂದು ಉತ್ತರ ಇದೆ. ಎಲ್ಲ ಕೂಡಿಸಿದರೆ ಮಾತ್ರ ಉತ್ತರವಾಗುವುದಿಲ್ಲ. ಅವ್ವನೇ ಎಂದಿಟ್ಟುಕೊಂಡರೂ, ಅವಳು ಬಂದದ್ದು ನಾನು ಬೀಳದಂತೆ ಕಾಯಲಿಕ್ಕೋ, ಹೇಳಿಹೋದ ಮಾತಿನಂತೆ ತಾನು ಮನೆ ಮುಟ್ಟಲಿಕ್ಕೋ, ಗೊತ್ತಿಲ್ಲ. ಮುಟ್ಟಿದಳು ಅನ್ನಿ. ನಾನು ಮಾತ್ರ ಮ್ಯಾಟ್ರಿಕ್ ಮುಗಿಯುವ ತನಕ ಪ್ರತಿ ಶನಿವಾರ ಆ ಇಪ್ಪತ್ತು ಮಂಚಗಳ ನಡುವೆ ಅಲುಗಾಡದೆ ಮಲಗಿ, ಕಾಲ ಬಳಿ ಹಾಸಿಗೆ ಒಂದಿಷ್ಟು ತಗ್ಗೀತೇ ಎಂದು ಕಾಯುತ್ತಿದ್ದೆ. ಒಮ್ಮೆಯೂ ತಗ್ಗಲಿಲ್ಲ.