ಸ್ಕೋರ್ ಹೇಳಬಾರದು

ಬಾಯಮ್ಮನ ಬಲಗೈಯ ಕಿರುಬೆರಳು ಕೊಕ್ಕೆಯ ಹಾಗೆ ಹೊರಕ್ಕೆ ಬಾಗಿತ್ತು. ಯಾವುದೋ ಕಾಲದಲ್ಲಿ ಥ್ರೋಬಾಲ್ ತಾಗಿ ಮುರಿದು, ಸೊಟ್ಟಗೆ ಕೂಡಿಕೊಂಡ ಬೆರಳು. ಅದರ ಬುಡದಲ್ಲೊಂದು ಉಂಗುರ. ಹೃದಯದ ಆಪರೇಷನ್ನಿಗೆಂದು ಅವರನ್ನು ಕಾಪುವಿನಿಂದ ಮಣಿಪಾಲಕ್ಕೆ ಕರೆದುಕೊಂಡು ಹೋದ ದಿನ ನನ್ನ ಮೊದಲ ಚಿಂತೆ ಆ ಉಂಗುರದ್ದೇ. ಬೆರಳಿನಿಂದ ಅದು ಹೊರಗೆ ಬಾರದಿದ್ದರೆ? ಬಾರದೆ ಕತ್ತರಿಸಬೇಕಾಗಿ ಬಂದರೆ? ದಾರಿಯಲ್ಲಿ ಕಾರಿನ ಟಯರ್ ಹೋದರೆ? ಕಟಪಾಡಿಯಲ್ಲಿ ಲಾರಿಯೊಂದು ಅಡ್ಡ ನಿಂತಿದ್ದರೆ? ರಕ್ತ ಕೊಡಲು ಒಪ್ಪಿದ ಇಬ್ಬರಲ್ಲಿ ಒಬ್ಬನಿಗೆ ಜ್ವರ ಬಂದು, ಇನ್ನೊಬ್ಬ ಹಿಂದಿನ ದಿನ ಯಾರದೋ ಮದುವೆಯ ಮೆಹಂದಿಗೆ ಹೋಗಿ ಕುಡಿದಿದ್ದರೆ? ಅದೇ ವಾರ್ಡಿನಲ್ಲಿ ಅದೇ ಹೆಸರಿನ ಇನ್ನೊಬ್ಬ ಬಾಯಮ್ಮ ಇದ್ದು, ಅವರ ಮೊಣಕಾಲನ್ನು ಇವರಿಗೆ, ಇವರ ಹೃದಯವನ್ನು ಅವರಿಗೆ ರಿಪೇರಿ ಮಾಡಿದರೆ? ಎಲ್ಲ ಸರಿಯಾಗಿ, ಕೊನೆಗೆ ಅವರಿಗೆ ಎಚ್ಚರವೇ ಆಗದಿದ್ದರೆ?

ನಾನು ವಿಮೆ ಮಾರುವವನು. ಜನರಿಗೆ ಆಗಬಹುದಾದ ಕೆಡುಕನ್ನು ಅವರಿಗಿಂತ ಮೊದಲು ಊಹಿಸುವುದು ನನ್ನ ಹೊಟ್ಟೆಪಾಡು. ಊಹಿಸಿದ್ದು ಆಗದೆ ಹೋದರೆ ಅವರಿಗೆ ಸಂತೋಷ; ನನಗೆ ಸಂತೋಷದ ಜೊತೆ ಸಣ್ಣದೊಂದು ಅವಮಾನ.

ನಮ್ಮ ಕಡೆ ಕ್ರಿಶ್ಚಿಯನ್ ಹೆಂಗಸರನ್ನು ಮರ್ಯಾದೆಯಿಂದ ಬಾಯಮ್ಮ ಎನ್ನುತ್ತೇವೆ. ನಾನು ಹೇಳುತ್ತಿರುವ ಬಾಯಮ್ಮ ನಮ್ಮ ಪಕ್ಕದ ಮನೆಯವರು. ಕಾರ್ಕಳದ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್ ಆಗಿದ್ದು, ನಿವೃತ್ತಿಯ ಮೇಲೆ ತಂಗಿಯೊಂದಿಗೆ ಕಾಪುವಿಗೆ ಬಂದು ನೆಲೆಸಿದ್ದರು. ಮದುವೆಯಾಗಿರಲಿಲ್ಲ. ಯಾಕೆಂದು ಯಾರಾದರೂ ಕೇಳಿದರೆ, ಆಟ ಮುಗಿಯುವ ಮೊದಲೇ ಅಡಿಗೆಗೆ ಏಳಬೇಕಲ್ಲ ಎನ್ನುತ್ತಿದ್ದರು.

ಆಟವೆಂದರೆ ಫುಟ್‌ಬಾಲ್. ಅದರಲ್ಲೂ ದೇಶ ದೇಶಗಳ ನಡುವಿನ ಹೆಂಗಸರ ಫುಟ್‌ಬಾಲ್. ಟಿ.ವಿ.ಯ ಸ್ವರವನ್ನು ಪೂರ್ತಿ ಇಳಿಸಿ ನೋಡುತ್ತಿದ್ದರು. ಕಾಮೆಂಟರಿಯವರೇ ಮಾತಾಡಿದರೆ ನಾವು ಮಾತಾಡುವುದು ಯಾವಾಗ ಎಂಬ ತರ್ಕ. ಸೊಟ್ಟ ಬೆರಳಿನಿಂದ ಆಟಗಾರ್ತಿಯರನ್ನು ತೋರಿಸುತ್ತಿದ್ದುದರಿಂದ, ಅವರು ಹೊಗಳುತ್ತಿರುವುದು ಯಾರನ್ನೆಂದು ನನಗೆ ಎಂದೂ ಖಚಿತವಾಗುತ್ತಿರಲಿಲ್ಲ. ದೇಶಗಳ ಹೆಸರು ಹೇಳುವ ಪದ್ಧತಿಯೂ ಅವರಿಗಿರಲಿಲ್ಲ. ಕೆಂಪಿನವರು, ಹಳದಿಯವರು. ತಮ್ಮ ಮೆಚ್ಚಿನ ತಂಡ, ‘ನಮ್ಮ ನೀಲಿಯವರು.’

ನಾನು ಗಂಡಸರ ಫುಟ್‌ಬಾಲ್ ನೋಡಿ ಬೆಳೆದವನು. ಅದರ ವೇಗ ಇದರಲ್ಲಿಲ್ಲ ಎಂದು ಶುರುವಿನಲ್ಲಿ ಒಮ್ಮೆ ವಾದಿಸಿದ್ದೆ.

“ಸ್ಪೀಡ್ ಬೇಕಾದ್ರೆ ಹೈವೇಯಲ್ಲಿ ನಿಂತು ಮಂಗಳೂರು ಎಕ್ಸ್‌ಪ್ರೆಸ್ ಬಸ್ಸು ನೋಡು ಮಾರಾಯ” ಎಂದರು. “ಗಂಡಸರದ್ದು ಚೆಂದ ಇಲ್ಲ ಅಂತ ನಾನು ಹೇಳುವುದಿಲ್ಲ. ಆದ್ರೆ ಅವರು ಬಿದ್ದ ಕೂಡಲೇ ರೆಫ್ರಿಯ ಮುಖ ನೋಡ್ತಾರೆ. ಇವರು ಬಿದ್ರೆ ಬಾಲ್ ಎಲ್ಲುಂಟು ಅಂತ ನೋಡ್ತಾರೆ.”

ಅವತ್ತಿನಿಂದ ನನ್ನ ಕಣ್ಣು ಹಾಳಾಯಿತು. ಗಂಡಸರ ಪಂದ್ಯ ನೋಡುವಾಗೆಲ್ಲ, ಬಿದ್ದವನ ಕಣ್ಣು ಯಾವ ಕಡೆ ಹೋಗುತ್ತದೆ ಎಂದೇ ಕಾಯುತ್ತೇನೆ. ಹೆಂಗಸರ ಆಟದಲ್ಲಿ ಚೆಂಡು ಒಬ್ಬಳಿಂದ ಇನ್ನೊಬ್ಬಳಿಗೆ ಹೋಗುವಾಗ, ಹೋಗುವ ಮೊದಲೇ ಆ ಯೋಚನೆ ಕಾಣುತ್ತದೆ ಎಂದು ಅವರು ಹೇಳುತ್ತಿದ್ದರು. ಅದೂ ನಿಧಾನವಾಗಿ ನನಗೆ ಕಾಣತೊಡಗಿತು. ಪೆನಾಲ್ಟಿ ಹೊತ್ತಿನಲ್ಲಿ ನಾನು ಕೈ ಮುಗಿದರೆ ಮಾತ್ರ ಗದರುತ್ತಿದ್ದರು. ಆ ಕಡೆಯ ಗೋಲ್‌ಕೀಪರೂ ಪ್ರಾರ್ಥನೆ ಮಾಡಿ ಬಂದಿರುತ್ತಾಳೆ, ದೇವರನ್ನು ಇದರಲ್ಲಿ ಎಳೆದು ಕಷ್ಟಕ್ಕೆ ಹಾಕಬಾರದು ಎನ್ನುವರು.

ಅವರು ಕೆಲಸಕ್ಕೆ ಸೇರಿದ ಕಾಲದಲ್ಲಿ ಕಾರ್ಕಳದ ಆ ಶಾಲೆಯ ಮೈದಾನ ಹುಡುಗರದ್ದು, ಫುಟ್‌ಬಾಲ್ ಹುಡುಗರದ್ದು. ಹುಡುಗಿಯರಿಗೂ ಒಂದು ಚೆಂಡು ಬೇಕೆಂದು ಕೇಳಿದ್ದಕ್ಕೆ ಹೆಡ್‌ಮಾಸ್ಟರು, ಅವರಿಗೆ ಥ್ರೋಬಾಲ್ ಉಂಟಲ್ಲ ಟೀಚರೇ ಎಂದರಂತೆ. ಬಾಯಮ್ಮ ಕಟ್ಟಡದ ಹಿಂದೆ ಥ್ರೋಬಾಲ್ ನೆಟ್ ಕಟ್ಟಿ, ಅದರ ಕೆಳಗಿನಿಂದ ಹುಡುಗಿಯರಿಗೆ ಚೆಂಡು ಒದೆಯಲು ಕಲಿಸಿದರು. ಹೆಡ್‌ಮಾಸ್ಟರು ಬರುವುದು ಕಂಡರೆ ಬಾಯಮ್ಮ ಸೀಟಿ ಊದುವುದು. ಸೀಟಿ ಕೇಳಿದ ತಕ್ಷಣ, ಚೆಂಡು ಯಾರ ಕಾಲ ಹತ್ತಿರ ಇದೆಯೋ ಅವಳು ಅದನ್ನು ಕೈಗೆತ್ತಿಕೊಳ್ಳುವುದು. ಹೆಡ್‌ಮಾಸ್ಟರಿಗೆ ಶಿಸ್ತಿನ ಥ್ರೋಬಾಲ್ ಕಾಣುತ್ತಿತ್ತು.

ಎಷ್ಟೋ ವರ್ಷಗಳ ಮೇಲೆ ಬೇರೆ ಹೆಡ್‌ಮಾಸ್ಟರು ಬಂದು, ಉಡುಪಿಯಲ್ಲಿ ಹುಡುಗಿಯರ ಫುಟ್‌ಬಾಲ್ ಪಂದ್ಯಕ್ಕೆ ಕಳಿಸಲು ಒಪ್ಪಿದರು. ಮೈದಾನದ ಬೇಲಿಯಾಚೆ ಬಸ್ಸುಗಳು ಹೋಗುವ ರಸ್ತೆ. ಆಟ ಸಮಸಮವಾಗಿ ನಡೆದಿತ್ತು. ಬಾಯಮ್ಮನ ತಂಡದ ಹುಡುಗಿಯೊಬ್ಬಳು ತಮ್ಮದೇ ಗೋಲಿನ ಮುಂದೆ ಚೆಂಡನ್ನು ಚೆಂದವಾಗಿ ತಡೆದಳು. ಅಷ್ಟರಲ್ಲಿ ಬೇಲಿಯಾಚೆ ಒಬ್ಬ ಕಂಡಕ್ಟರು ಬಸ್ಸು ಬಿಡಲು ಸೀಟಿ ಊದಿದ. ಹುಡುಗಿ ಚೆಂಡನ್ನು ಎರಡೂ ಕೈಯಲ್ಲಿ ಎತ್ತಿ ಎದೆಗೊತ್ತಿಕೊಂಡು ನೆಟ್ಟಗೆ ನಿಂತಳು. ಪೆನಾಲ್ಟಿ. ಅದರಲ್ಲೇ ಸೋತರು.

ಈ ಕತೆ ಹೇಳುವಾಗ ಬಾಯಮ್ಮ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದರು. ನೀವು ಅವಳಿಗೆ ಎಂತ ಹೇಳಿದಿರಿ ಎಂದು ಕೇಳಿದ್ದೆ. “ಎಂತ ಹೇಳುವುದು? ಅವಳು ನಾನು ಕಲಿಸಿದ್ದನ್ನೇ ಮಾಡಿದ್ದು” ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು.

ಬಾಯಮ್ಮನಿಗೆ ಇದ್ದದ್ದು ಒಂದೇ ಕಟ್ಟಳೆ. ಚರ್ಚಿನ ಪೂಜೆಗೋ ಯಾರದೋ ಮನೆಗೋ ಹೋಗಿ ಆಟ ತಪ್ಪಿದರೆ, ರೆಕಾರ್ಡ್ ಮಾಡಿಟ್ಟು ಆಮೇಲೆ ನೋಡುವರು. ಅಲ್ಲಿಯವರೆಗೆ ಸ್ಕೋರ್ ಯಾರೂ ಹೇಳಬಾರದು. ಸ್ಕೋರ್ ಗೊತ್ತಾದ ಮೇಲೆ ನೋಡುವುದು ಆಟವಲ್ಲ, ಮದುವೆ ವಿಡಿಯೊ ಎನ್ನುತ್ತಿದ್ದರು. ರೆಕಾರ್ಡ್ ಆಗುವ ಪೆಟ್ಟಿಗೆ ಇದ್ದದ್ದು ನನ್ನ ಮನೆಯಲ್ಲಿ. ಆದ್ದರಿಂದ ಈ ಕಟ್ಟಳೆಯ ಕಾವಲುಗಾರ ನಾನು.

ಆ ಸಲದ ವಿಶ್ವಕಪ್ಪಿನಲ್ಲಿ ನೀಲಿಯವರು ಮೊದಲ ಬಾರಿ ಸೆಮಿಫೈನಲಿಗೆ ಬಂದರು. ಪಂದ್ಯ ಮಧ್ಯಾಹ್ನ. ಆಪರೇಷನ್ನೂ ಅದೇ ಮಧ್ಯಾಹ್ನ. ಎರಡು ದಿನ ಮುಂದೆ ಹಾಕಬಹುದಾ ಎಂದು ಬಾಯಮ್ಮ ಡಾಕ್ಟರನ್ನು ಕೇಳಿಯೂ ನೋಡಿದರು. ಡಾಕ್ಟರು ನಕ್ಕರು; ಬಾಯಮ್ಮ ತಮಾಷೆ ಮಾಡುತ್ತಿರಲಿಲ್ಲವೆಂದು ಗೊತ್ತಿದ್ದದ್ದು ನನಗೆ ಮತ್ತು ಅವರ ತಂಗಿಗೆ ಮಾತ್ರ. ಸ್ಟ್ರೆಚರಿನಲ್ಲಿ ಕರೆದೊಯ್ಯುವಾಗ ನನ್ನ ಕೈ ಹಿಡಿದು, “ರೆಕಾರ್ಡಿಗೆ ಹಾಕಿದ್ದೀಯಲ್ಲ? ನನಗೆ ಎದ್ದು ಬರ್ಲಿಕ್ಕೆ ಅದೊಂದು ಉಂಟು” ಎಂದರು.

ಉಂಗುರ ಸೋಪು ಹಚ್ಚಿದ ಕೂಡಲೇ ಬಂದಿತ್ತು. ಟಯರ್ ಗಟ್ಟಿ ಇತ್ತು. ರಕ್ತದವರು ಇಬ್ಬರೂ ಸ್ನಾನ ಮಾಡಿ, ಗಂಧ ಇಟ್ಟುಕೊಂಡು ಬಂದಿದ್ದರು. ಆಪರೇಷನ್ ಚೆನ್ನಾಗಿ ಆಯಿತು. ಹೊರಗೆ ಕುಳಿತ ನಾನು ಸುಮ್ಮನಿರಲಾಗದೆ ಫೋನಿನಲ್ಲಿ ಪಂದ್ಯ ನೋಡಿದೆ. ನೀಲಿಯವರು ಸೋತರು.

ಈಗ ನನಗೆ ಹೊಸ ಚಿಂತೆ. ಹೊಲಿಗೆ ಹಾಕಿದ ಹೃದಯ. ಮನೆಗೆ ಬಂದು ಆ ಸೋಲನ್ನು ಧಡಕ್ಕನೆ ನೋಡಿದರೆ ಏನು ಗತಿ? ಆದರೂ ಹೇಳಬಾರದು ಎಂದು ಬಾಯಿ ಬಿಗಿಹಿಡಿದೆ. ಮರುದಿನ ಅವರು ಕಣ್ಣು ತೆರೆದಾಗ ಮಂಚದ ಪಕ್ಕದಲ್ಲಿ ಅವರ ತಂಗಿ ಮತ್ತು ನಾನು. ನನ್ನನ್ನು ಕಂಡು ಅವರು ಮೆಲ್ಲಗೆ, “ಸ್ಕೋರ್ ಹೇಳ್ಬೇಡ” ಎಂದರು.

“ಇಲ್ಲ ಬಾಯಮ್ಮ, ಹೇಳುವುದಿಲ್ಲ” ಎಂದೆ. ಅಲ್ಲಿಗೆ ನಿಲ್ಲಿಸಬೇಕಿತ್ತು. “ನೀವು ಮಾತ್ರ ಬೇಜಾರು ಮಾಡ್ಬೇಡಿ.”

ಅವರು ನನ್ನನ್ನು ನೋಡಿ ಕಣ್ಣು ಮುಚ್ಚಿದರು. ತಂಗಿ ನನ್ನನ್ನು ಹೊರಗೆ ಕರೆದು, ಅಕ್ಕನಿಗೆ ಮದ್ದಿನ ಅಮಲು ಇಳಿದಿಲ್ಲ, ಇದ್ಯಾವುದೂ ನೆನಪಿರುವುದಿಲ್ಲ ಎಂದು ಸಮಾಧಾನ ಹೇಳಿದರು. ಬೇಜಾರು ಮಾಡಬೇಡಿ ಎಂಬುದು ಆಪರೇಷನ್ನಿನ ಬಗ್ಗೆ ಎಂದೂ ಬಾಯಮ್ಮ ತಿಳಿದಿರಬಹುದು ಎಂದು ನಾನೂ ನಂಬಿಕೊಂಡೆ. ವಿಮೆಯವನಿಗೆ ನಂಬಿಸುವುದು ಗೊತ್ತು. ಗಿರಾಕಿ ತಾನೇ ಆದರೆ ಇನ್ನೂ ಸುಲಭ.

ಬಾಯಮ್ಮ ಆ ಹೃದಯದಿಂದ ಸಾಯಲಿಲ್ಲ. ಅದು ಕೊನೆಯವರೆಗೆ ಗಟ್ಟಿಯಾಗಿತ್ತು. ಮರುವರ್ಷ ನ್ಯುಮೋನಿಯಾ ಬಂದು ಹೋದರು. ಮಣ್ಣು ಮಾಡುವ ದಿನ ಇಗರ್ಜಿಗೆ ಕಾರ್ಕಳದಿಂದ ಬಂದ ನಡುವಯಸ್ಸಿನ ಹೆಂಗಸರನ್ನು ನೋಡುತ್ತ, ಇವರಲ್ಲಿ ಚೆಂಡು ಎತ್ತಿಕೊಂಡವಳು ಯಾರಿರಬಹುದು ಎಂದು ಹುಡುಕಿದೆ. ಕೇಳುವ ಧೈರ್ಯವಾಗಲಿಲ್ಲ. ಸಿಕ್ಕಿದ್ದರೂ ಅವಳ ಮುಖ ನೋಡುವುದು ನನಗೆ ಕಷ್ಟವಾಗುತ್ತಿತ್ತು. ಅವಳಿಗಾದರೋ ಸೀಟಿಯೊಂದು ಕೇಳಿಸಿತ್ತು; ನಾನು ಸೀಟಿಯಿಲ್ಲದೆಯೇ ಬಾಯಿಬಿಟ್ಟವನು.

ಆ ರೆಕಾರ್ಡಿಂಗನ್ನು ನಾವಿಬ್ಬರೂ ನೋಡಿದ್ದೆವು. ಆಸ್ಪತ್ರೆಯಿಂದ ಬಂದ ವಾರ, ನಮ್ಮ ಮನೆಯಲ್ಲಿ, ಎಂದಿನಂತೆ ಸ್ವರ ಇಳಿಸಿ. ನೀಲಿಯವರು ಗೋಲು ಹೊಡೆದಾಗ ಎದೆ ಒತ್ತಿ ಹಿಡಿದುಕೊಂಡು ಕುಣಿಯುವುದೊಂದು ಬಾಕಿ. ಕೆಂಪಿನವರು ಸಮ ಮಾಡಿದಾಗ ನನಗೇ ಬೈದರು. ಫೈನಲಿಗೆ ಬಂದರೆ ಯಾರ ಜೊತೆ ಆಡಬೇಕಾಗಬಹುದು ಎಂದು ಲೆಕ್ಕ ಹಾಕಿದರು. ಇಲ್ಲ, ಇವರಿಗೆ ಗೊತ್ತಿಲ್ಲ ಎಂದು ನನ್ನ ಉಸಿರು ಸರಾಗವಾಯಿತು. ಚಾ ತರಲೆಂದು ಎದ್ದೆ ಕೂಡ. ಕೊನೆಯ ನಿಮಿಷ. ಕೆಂಪಿನವರಿಗೊಂದು ಕಾರ್ನರ್ ಸಿಕ್ಕಿತು. ಹುಡುಗಿ ಬಾವುಟದ ಬುಡದಲ್ಲಿ ಚೆಂಡನ್ನು ಇಡುತ್ತಿದ್ದಳು, ಇನ್ನೂ ಒದ್ದಿರಲಿಲ್ಲ.

“ಅಯ್ಯೋ, ಸೋತ್ರಲ್ಲ ಮಾರಾಯ” ಎಂದರು ಬಾಯಮ್ಮ.