ಉಗಿಬಂಡಿಯ ಹಿಂದೆ ಸಿಡುಕಿ

ರೈಲಿನ ಶೆಡ್ಡಿನಲ್ಲಿ ಎಲ್ಲರೂ ಅವಳನ್ನು ಸಿಡುಕಿ ಎಂದೇ ಕರೆಯುತ್ತಿದ್ದರು. ಅವಳೂ ಸಿಡುಕುತ್ತಲೇ ಓಗೊಡುತ್ತಿದ್ದಳು.

ರಜೆಯ ದಿನಗಳಲ್ಲಿ ಪ್ರವಾಸಿಗರನ್ನು ತುಂಬಿಕೊಂಡು ಹಳೆಯ ಉಗಿಬಂಡಿಯೊಂದು ಕಾಡಿನೊಳಗೆ ಹೋಗಿಬರುತ್ತಿತ್ತು. ಅದು ಯಾರೂ ನೆಡದೆ ತಾನಾಗಿ ಬೆಳೆದ, ಅಜ್ಜನ ಅಜ್ಜಂದಿರು ಕಂಡ ಕಾಡು. ಬಂಡಿಯ ಹಿಂದೆ, ಹಳಿಯ ಮೇಲೆ ತಳ್ಳುಗಾಡಿಯಲ್ಲಿ ನೀರಿನ ಕ್ಯಾನು, ಒದ್ದೆ ಗೋಣಿಚೀಲ ಇಟ್ಟುಕೊಂಡು ಹೋಗಿ, ಇಂಜಿನ್ನಿನ ಕಿಡಿ ಬಿದ್ದಲ್ಲೆಲ್ಲ ಬೆಂಕಿ ಆರಿಸುವುದು ಸಿಡುಕಿಯ ಕೆಲಸ. ಕಾಡಿನ ಮೇಲೆ ಅವಳಿಗೆ ಪ್ರೀತಿಯೇನೂ ಇರಲಿಲ್ಲ. ಮುಳ್ಳು ತರಚುತ್ತಿತ್ತು, ಜಿಗಣೆ ಕಚ್ಚುತ್ತಿತ್ತು. ಆದರೆ ಬೇರೆಯವರು ಹಚ್ಚಿದ್ದನ್ನು ತಾನು ಆರಿಸುತ್ತ ಹೋಗಬೇಕಲ್ಲ ಎಂದು ಮೈಯೆಲ್ಲ ಉರಿಯುತ್ತಿತ್ತು.

ಇಂಜಿನ್ ಓಡಿಸುತ್ತಿದ್ದವನು ಅವಳ ಅಕ್ಕನ ಗಂಡ. ಭಾವ-ನಾದಿನಿ ಎಣ್ಣೆ-ಸೀಗೆಕಾಯಿ. ಗಂಡ ಸತ್ತ ಮೇಲೆ ಅವಳು ಅಕ್ಕನ ಮನೆ ಸೇರಿದಾಗ, "ಕೂತು ತಿನ್ನೋ ಬದಲು ನನ್ನ ಗಾಡಿ ಹಿಂದೆ ನಡೀಲಿ" ಎಂದು ಈ ಕೆಲಸ ಕೊಡಿಸಿದವನು ಅವನೇ. ಅದನ್ನು ಎತ್ತಿ ಆಡದೆ ಅವನಿಗೆ ಊಟ ಸೇರುತ್ತಿರಲಿಲ್ಲ.

ಆ ಬೇಸಿಗೆಯಲ್ಲಿ ಬೆಂಕಿ ಯಾಕೋ ಅತಿಯಾಯಿತು. ಒಂದು ತಿರುವಿನಲ್ಲಿ ತರಗೆಲೆ ಧಗ್ಗನೆ ಹೊತ್ತಿ, ದೊಡ್ಡ ಮರವೊಂದರ ಬುಡ ಸುಟ್ಟು ಕರಕಲಾಯಿತು. ಅವಳ ಎಡಗೈಯಲ್ಲಿ ಬೊಬ್ಬೆಗಳೆದ್ದವು. ಮರುದಿನ ಶೆಡ್ಡಿನ ಮೂಲೆಯಲ್ಲಿ ತಂತಿಯ ಬಲೆಯೊಂದು ಕಣ್ಣಿಗೆ ಬಿತ್ತು. ಕಿಡಿ ಹಾರದಂತೆ ಇಂಜಿನ್ನಿನ ಹೊಗೆ ಕೊಳವೆಗೆ ಹಾಕುವ ಬಲೆ ಅದು.

"ಇದನ್ನ ಯಾಕೆ ತೆಗೆದಿರಿ ಭಾವ?"

"ಅದಿದ್ರೆ ಹೊಗೆ ಏಳಲ್ಲ. ಜನ ಫೋಟೋ ಹೊಡೆಯೋದೇ ಹೊಗೆಗೆ. ನಿನ್ನ ಕೆಲಸ ಆರಿಸೋದು, ಆರಿಸು."

ಮುಂದಿನ ಸವಾರಿಯ ದಿನ ಬಂಡಿ ಹೊರಡುವ ಹೊತ್ತಿಗೆ ಸಿಡುಕಿ ಆ ಬಲೆಯನ್ನು ಹೊತ್ತು ತಂದು ಇಂಜಿನ್ನಿನ ಎದುರು ಹಳಿಯ ನಡುವೆ ನಿಂತಳು. ಭಾವ ಕಿವಿ ಹರಿಯುವಂತೆ ಸೀಟಿ ಊದಿದ. ಆಮೇಲೆ ಇಂಜಿನ್ನಿನ ತಳದಿಂದ ಬಿಸಿ ಉಗಿಯನ್ನು ಅವಳ ಕಾಲ ಕಡೆಗೇ ಬಿಟ್ಟ. ಅವಳು ಕಣ್ಣು ಮುಚ್ಚಿದಳೇ ಹೊರತು ಕದಲಲಿಲ್ಲ.

ಪ್ರವಾಸಿಗರು ಕಿಟಕಿಯಿಂದ ಕೂಗಿದರು. "ಯಾರ್ರೀ ಆ ಹುಚ್ಚಿ? ಎಳೆದು ಹಾಕ್ರಿ!" ಯಾರೋ ಬಾಳೆಹಣ್ಣಿನ ಸಿಪ್ಪೆ ಎಸೆದರು. ಅದು ಅವಳ ಭುಜಕ್ಕೆ ಬಡಿಯಿತು.

ಆವತ್ತು ಸವಾರಿಗೆಂದು ಬಂದು ಮುಂದಿನ ಬೋಗಿಯಲ್ಲಿ ಕೂತಿದ್ದ ಅಕ್ಕ ಇಳಿದು ಓಡಿಬಂದಳು. ಬಂದವಳೇ ತಂಗಿಯ ಕೆನ್ನೆಗೆ ಬಾರಿಸಿದಳು. "ಉಂಡ ಮನೆಗೇ ಎರಡು ಬಗೀತೀಯಾ?"

"ನಿನ್ನ ಗಂಡ ಬೆಂಕಿ ಹಚ್ಕೊಂಡು ಹೋಗ್ತಾನೆ. ನಾನು ಸುಟ್ಕೋಬೇಕಾ? ನೋಡು ಕೈ!"

ಅಕ್ಕ ನೋಡಲಿಲ್ಲ. ಆದರೆ ಗಲಾಟೆ ಕೇಳಿ ಬಂದ ಸ್ಟೇಷನ್ ಮಾಸ್ತರರು ನೋಡಿದರು. ಬಲೆಯನ್ನೂ ನೋಡಿದರು. ಬಲೆ ಹಾಕದೆ ಬಂಡಿ ಹೊರಡಕೂಡದು ಎಂದು ಎಲ್ಲರೆದುರೇ ಭಾವನ ಮುಖಕ್ಕೆ ಹೇಳಿದರು. ಕಾದ ಕೊಳವೆ ಆರಿ ಬಲೆ ಕೂರಿಸುವಷ್ಟರಲ್ಲಿ ಹೊತ್ತು ಮೀರುತ್ತಿದ್ದುದರಿಂದ ಆ ದಿನದ ಸವಾರಿ ನಿಂತೇ ಹೋಯಿತು. ಪ್ರವಾಸಿಗರು ಸಿಡುಕಿಗೆ ಹಿಡಿಶಾಪ ಹಾಕುತ್ತ ಮನೆಯ ದಾರಿ ಹಿಡಿದರು.

ಸಂಜೆ ಅವಳ ಬಟ್ಟೆಗಂಟು ಅಕ್ಕನ ಮನೆಯ ಹೊರಗೆ ಬಿದ್ದಿತ್ತು, ಬಾಗಿಲು ಒಳಗಿನಿಂದ ಹಾಕಿತ್ತು. ತಟ್ಟಲು ಎತ್ತಿದ ಕೈಯನ್ನು ಅವಳು ಕೆಳಗಿಳಿಸಿದಳು. ಗಂಟನ್ನು ಎತ್ತಿಕೊಂಡು ಸ್ಟೇಷನ್ನಿನ ಕಡೆ ನಡೆದಳು. ಅಲ್ಲಿ ಹಳಿ ಬದಲಿಸುವ ಪಾಯಿಂಟ್ಸ್‌ಮನ್‌ನ ಹೆಂಡತಿ ತನ್ನ ಮನೆಯ ಹಿಂದಿನ ಕೋಣೆ ಬಿಟ್ಟುಕೊಟ್ಟಳು.

ಈಗ ಬಲೆ ಹಾಕಿದ ಬಂಡಿ ತೆಳ್ಳಗೆ ಹೊಗೆ ಬಿಡುತ್ತ ಹೋಗುತ್ತದೆ. ಪ್ರವಾಸಿಗರು ಗೊಣಗುತ್ತಾರೆ. ಪ್ಲಾಟ್‌ಫಾರ್ಮಿನಲ್ಲಿ ಎದುರಾದರೆ ಭಾವ ಪಕ್ಕಕ್ಕೆ ತಿರುಗಿ ಉಗಿಯುತ್ತಾನೆ.

"ಒಂದಿನ ನೀನೇ ಗಾಡಿ ಕೆಳಗೆ ಸಿಗ್ತೀಯ" ಎಂದ ಮೊನ್ನೆ.

"ಆವತ್ತು ಹಳಿ ಮೇಲೆ ಸಿಕ್ಕಿದ್ನಲ್ಲ, ಹಾಯಿಸಬೇಕಿತ್ತು" ಎಂದು ಸಿಡುಕಿ ಕ್ಯಾನಿಗೆ ನೀರು ತುಂಬಿಸಲು ಹೋದಳು.