ಸೇದಿದವರು ಅವರು, ಕೊಯ್ದದ್ದು ನನ್ನನ್ನು

ಸೂಜಿಗೆ ದಾರ ಪೋಣಿಸಲು ಆಗುತ್ತಿರಲಿಲ್ಲ. ಕಣ್ಣಿನ ತೊಂದರೆಯಲ್ಲ. ದಾರ ಸೂಜಿಯ ಹತ್ತಿರ ಹೋಗುವಷ್ಟರಲ್ಲಿ ಕೆಮ್ಮು ಬಂದು ಕೈ ಅಲುಗುತ್ತಿತ್ತು. ಕೋಟೇಶ್ವರದ ನಮ್ಮ ಮನೆಯ ಮುಂದಿನ ಕೋಣೆಯಲ್ಲೇ ನನ್ನ ಹೊಲಿಗೆ ಮೆಷಿನ್. ಬ್ಲೌಸ್ ಹೊಲಿಸಲು ಬಂದ ಹೆಂಗಸರೆಲ್ಲ ಒಂದೊಂದು ಕಷಾಯ ಹೇಳಿದರು. ಎಲ್ಲವನ್ನೂ ಕುಡಿದೆ. ಮಳೆಗಾಲ ಮುಗಿಯಿತು, ಕೆಮ್ಮು ಮುಗಿಯಲಿಲ್ಲ. ಒಂದು ಬೆಳಿಗ್ಗೆ ಕಫದಲ್ಲಿ ರಕ್ತ ಕಂಡಿತು.

ಕುಂದಾಪುರದಲ್ಲಿ ಎಕ್ಸ್‌ರೇ ತೆಗೆದರು. ದೊಡ್ಡ ಆಸ್ಪತ್ರೆಗೆ ಕಳಿಸಿದರು. ಸಿ.ಟಿ. ಸ್ಕ್ಯಾನ್, ಬಯಾಪ್ಸಿ.

ಶ್ವಾಸಕೋಶದ ಕ್ಯಾನ್ಸರ್.

"ನೀವು ಸ್ಮೋಕ್ ಮಾಡ್ತೀರಾ?" ಡಾಕ್ಟರಮ್ಮ ಕೇಳಿದರು.

"ಎಂತ ಮಾತಾಡ್ತ್ರಿ ಡಾಕ್ಟ್ರೇ?" ಎಂದೆ. ಮೈಯೆಲ್ಲ ಉರಿದುಹೋಯಿತು.

"ಮನೇಲಿ ಯಾರಾದ್ರೂ?"

ಪಕ್ಕದಲ್ಲಿ ಕೂತಿದ್ದ ನಮ್ಮ ಮನೆಯವರು ಬೀಡಿಕಟ್ಟು ಇದ್ದ ಶರಟಿನ ಜೇಬಿನ ಮೇಲೆ ಕೈಯಿಟ್ಟುಕೊಂಡರು. ಇದೇ ಕಾರಣ ಎಂದು ಖಂಡಿತವಾಗಿ ಹೇಳಲಾಗದು, ಆದರೆ ಬೇರೆಯವರು ಸೇದಿದ ಹೊಗೆ ವರ್ಷಗಟ್ಟಲೆ ಒಳಗೆ ಹೋದರೂ ಕ್ಯಾನ್ಸರ್ ಬರಬಹುದು ಎಂದರು ಡಾಕ್ಟರಮ್ಮ.

ನಮ್ಮ ಮನೆಯವರು ಮೀನಿನ ಲಾರಿ ಡ್ರೈವರ್. ಮನೆಗೆ ಬಂದರೆ ನನ್ನ ಮೆಷಿನ್ ಪಕ್ಕದ ಬೆಂಚಿನಲ್ಲೇ ಕೂತು, ಬೀಡಿ ಹಚ್ಚಿ, ದಾರಿಯ ಸುದ್ದಿಯೆಲ್ಲ ಹೇಳುತ್ತಿದ್ದರು. ಹೊರಗೆ ಮಳೆ ಹೊಡೆಯುತ್ತಿದ್ದರೆ ಕಿಟಕಿಯೂ ಮುಚ್ಚಿರುತ್ತಿತ್ತು. ಆ ಹೊತ್ತು ನನಗೆ ಇಷ್ಟವಾಗಿತ್ತು. ಬೀಡಿಯಿಂದ ಕ್ಯಾನ್ಸರ್ ಬರುತ್ತದೆಂದು ನನಗೂ ಗೊತ್ತಿತ್ತು. ಅವರಿಗೆ ಬರುತ್ತದೆಂದು ಹೆದರಿದ್ದೆ. ಹೆಂಗಸರ ಆರೋಗ್ಯ ಶಿಬಿರಕ್ಕೆ ಎಷ್ಟು ಸಲ ಹೋಗಿದ್ದೆ! ಗರ್ಭಕೋಶದ ಬಗ್ಗೆ ಹೇಳಿದರು, ಸ್ತನದ ಬಗ್ಗೆ ಹೇಳಿದರು. ಗಂಡ ಬಿಟ್ಟ ಹೊಗೆ ಹೆಂಡತಿಯ ಎದೆಗೂ ಇಳಿಯುತ್ತದೆ ಎಂದು ಒಬ್ಬರಾದರೂ ಬಾಯಿ ಬಿಟ್ಟು ಹೇಳಲಿಲ್ಲ.

ಆಪರೇಷನ್ ಮಾಡಿ ಶ್ವಾಸಕೋಶದ ಒಂದು ಭಾಗ ತೆಗೆದರು. ಆಮೇಲೆ ಕೀಮೋ. ಕೂದಲು ಹೋಯಿತು, ನಾಲಿಗೆಯ ರುಚಿ ಹೋಯಿತು. ಬಾವಿಕಟ್ಟೆಯವರೆಗೆ ಹೋಗಿ ಬಂದರೆ ನಿಂತು ಉಸಿರು ಎಳೆದುಕೊಳ್ಳಬೇಕು. ನೋಡಲು ಬಂದವರೆಲ್ಲ, "ಒಂದ್ ಚಟ ಇಲ್ದಿದ್ ಹೆಣ್ಣಿಗೆ ಹೀಂಗಾಯ್ತಲೆ, ಹಣೆಬರ" ಎನ್ನುತ್ತಿದ್ದರು. ಇವರು ಪಕ್ಕದಲ್ಲೇ ಕೂತು ತಲೆಯಾಡಿಸುತ್ತಿದ್ದರು. ಒಂದು ದಿನ ತಡೆಯಲಾಗಲಿಲ್ಲ.

"ಹಣೆಬರ ಅಲ್ಲ, ಇವ್ರ ಬೀಡಿ!"

ಬಂದವರು ಚಾ ಕುಡಿಯದೆ ಎದ್ದರು.

"ಸೇದುದ್ ನಾನ್. ನಂಗ್ ಎಂತ ಆಯ್ಲಿಲ್ಲೆ ಅಲ್ದಾ?" ಎಂದರು ಇವರು. ಆ ಮಾತನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ಅವರಿಗೆ ಏನೂ ಆಗಿಲ್ಲ ಎಂಬುದೇ ನನ್ನ ಸಿಟ್ಟು. ಅಂದಿನಿಂದ ಅಂಗಳಕ್ಕೆ ಹೋಗಿ ಸೇದತೊಡಗಿದರು. ನನಗೋಸ್ಕರ ಅಲ್ಲ, ನನ್ನ ಬಾಯಿಗೆ ಹೆದರಿ.

ಕೀಮೋ ಮುಗಿದ ಮೇಲೆ ಮಗಳು ಸುಜಾತ ಕೂಸಿನೊಂದಿಗೆ ಬಂದಳು. ಬೈಂದೂರಿನಿಂದ ಅಳಿಯನೂ ಬಂದ. ಊಟ ಮುಗಿಸಿ ತೊಟ್ಟಿಲ ಪಕ್ಕ ಕೂತು ಸಿಗರೇಟು ಹಚ್ಚಿದ. ನಾನು ಎದ್ದುಹೋಗಿ ಅವನ ಬೆರಳಿನಿಂದ ಅದನ್ನು ಕಿತ್ತು ನೀರಿನ ಲೋಟಕ್ಕೆ ಹಾಕಿದೆ.

ಅಳಿಯನ ಕೈಯಿಂದ!

ಅವನು ಎದ್ದು ಬೈಕ್ ಹತ್ತಿ ಹೋದ. ಸುಜಾತ ಅಡುಗೆಮನೆಗೆ ಬಂದು ಅತ್ತಳು. "ಎಂತ ಮಾಡ್ದೆ ಅಮ್ಮ? ಇನ್ನ್ ನಾನ್ ಆ ಮನಿಗ್ ಹ್ಯಾಂಗ್ ಹೋಪ್ದ್?"

ರವಿಕೆ ಸರಿಸಿ ಬೆನ್ನಿನ ಮೇಲಿನ ಆಪರೇಷನ್ ಗಾಯ ತೋರಿಸಿದೆ. "ಇದ್ ಎಂತಕ್ ಆದ್ದ್ ಅಂತ ಗೊತ್ತಿತ್ತಾ ನಿಂಗೆ?"

"ನೀನ್ ಸೇದುದಿಲ್ಲ ಅಲ್ದಾ. ಸುಮ್ನೆ ಬಂತ್ ಅಂದ್ಕಂಡಿದ್ದೆ."

ಡಿಗ್ರಿ ಓದಿದ ಮಗಳು. ಅವಳಿಗೂ ಯಾರೂ ಹೇಳಿರಲಿಲ್ಲ. ಒಲೆಯ ಮುಂದೆ ಕೂತು ಎಲ್ಲವನ್ನೂ ಹೇಳಿದೆ. ನಡುನಡುವೆ ಉಸಿರು ಸಾಲದೆ ನಿಲ್ಲಿಸಬೇಕಾಯಿತು. ಅವಳು ಕಾದಳು. ಆಮೇಲೆ ಕಣ್ಣೊರೆಸಿಕೊಂಡು ಗಂಡನಿಗೆ ಫೋನ್ ಮಾಡಿದಳು. "ಅಮ್ಮ ಮಾಡಿದ್ದ್ ತಪ್ಪಲ್ಲ. ಮಗು ಇಪ್ಪಲ್ಲಿ ಇನ್ನ್ ಸೇದುಕಾಗ. ಒಪ್ಪಿಗಿಯಾದ್ರೆ ಕರ್ಕಂಡ್ ಹೋಪುಕ್ ಬನ್ನಿ."

ಬಹಳ ದಿನ ಅವನು ಬರಲಿಲ್ಲ. ಊರಿನವರ ಬಾಯಿಗೆ ನಾನೇ ಸಿಕ್ಕಿದೆ. ಕೊನೆಗೆ ಬಂದ. ನನ್ನ ಮುಖ ನೋಡದೆ, "ಮನಿಯೊಳ್ಗ್ ಸೇದುದಿಲ್ಲ ಅತ್ತೆ" ಎಂದ. ಅಷ್ಟು ಸಾಕಾಯಿತು.

ಮೊನ್ನೆ ಚೆಕಪ್ ಆಯಿತು. ಸದ್ಯಕ್ಕೆ ತೊಂದರೆ ಇಲ್ಲ ಎಂದರು. ಸದ್ಯಕ್ಕೆ ಎಂಬ ಮಾತನ್ನು ಒಪ್ಪಿಕೊಂಡು ಬದುಕುವುದನ್ನು ಕಲಿಯುತ್ತಿದ್ದೇನೆ. ವಾಪಸ್ಸು ಬರುವಾಗ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬ, ಬಸುರಿ ಹೆಂಡತಿಯ ಪಕ್ಕ ನಿಂತು ಬೀಡಿ ಸೇದುತ್ತಿದ್ದ. ನಾನು ಬಾಯಿ ತೆರೆಯುವ ಮೊದಲೇ ನಮ್ಮ ಮನೆಯವರು ಅವನ ಹತ್ತಿರ ಹೋದರು.

"ಹ್ವಾಯ್, ಅದನ್ನ್ ಬಿಸಾಡಿ ಮಾರ್ರೆ. ನಾನ್ ಹೀಂಗೇ ಬದಿಯಲ್ಲ್ ಕೂಕಂಡ್ ಸೇದಿ, ನನ್ ಹೆಂಡ್ತಿ ಶ್ವಾಸಕೋಶ ಕೊಯ್ಸ್ದೆ."

ಅವರ ಬಾಯಿಂದ ಆ ಮಾತು ಬಂದದ್ದು ಅದೇ ಮೊದಲು. ನನಗೆ ಹೇಳಲಿಲ್ಲ, ಯಾರೋ ಗುರುತಿಲ್ಲದವನಿಗೆ ಹೇಳಿದರು. ನನ್ನ ಸಿಟ್ಟು ಹೋಗಿಲ್ಲ. ಆದರೆ ಬಸ್ಸಿನಲ್ಲಿ ಅವರಿಗೆ ನನ್ನ ಪಕ್ಕದಲ್ಲಿ ಜಾಗ ಬಿಟ್ಟೆ.